ಕ್ಯಾಲ್ಗರಿಯ ಚಳಿಗೆ ಯಾವ ಸೀಡರ್? ಫೆಮಿನಿತೆ ದ್ಯು ಬುವಾ ಮತ್ತು ತಾಮ್ ದಾವ್

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಈಗ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ. ಊರಲ್ಲಿ ಹಾಕಿಕೊಳ್ಳುತ್ತಿದ್ದ ನಿಂಬೆ, ಮಲ್ಲಿಗೆ ತರಹದ ಸೆಂಟುಗಳು ಇಲ್ಲಿನ ಮೈನಸ್ 20ರ ಚಳಿಯಲ್ಲಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಚಳಿಗೆ ಮರದ ವಾಸನೆಯ ಸೀಡರ್ ತಗೋ, ಅದು ಮೈ ಬೆಚ್ಚಗಿಡುತ್ತೆ ಅಂತ ಗೆಳತಿ ಹೇಳಿದಳು. ಎರಡು ಸ್ಯಾಂಪಲ್ ತರಿಸಿದೆ. ಒಂದು ಸೆರ್ಜ್ ಲೂತಾನ್ಸ್‌ನ ಫೆಮಿನಿತೆ ದ್ಯು ಬುವಾ, ಇನ್ನೊಂದು ದಿಪ್ತೀಕ್‌ನ ತಾಮ್ ದಾವ್ ಇಡಿಟಿ (ಓ ದ ತ್ವಾಲೆತ್, ಸಾಮಾನ್ಯವಾಗಿ ಹಗುರ ಬಗೆ). ಮೊದಲನೆಯದು ಆರಂಭದಲ್ಲಿ ಚಕ್ಕೆ, ಲವಂಗ ಹಾಕಿದ ಹಣ್ಣಿನ ಗೊಜ್ಜಿನ ಹಾಗಿದೆ. ಎರಡನೆಯದು ಶ್ರೀಗಂಧ ಅಂತ ಓದಿ ತರಿಸಿದ್ದು, ಮೈಸೂರ್ ಸ್ಯಾಂಡಲ್ ಸೋಪಿನ ಹಾಗಿರುತ್ತೆ ಅಂದುಕೊಂಡಿದ್ದೆ. ಆದರೆ ಮಗಳ ಪೆನ್ಸಿಲ್ ಚೂಪು ಮಾಡಿದಾಗ ಬರುವ ವಾಸನೆ ಬರುತ್ತೆ! ಎರಡೂ ಒಂದು ಗಂಟೆಯಲ್ಲಿ ಮಾಯ. ಈಗ ಆರೇಳು ಸಲ ಸ್ಪ್ರೇ ಮಾಡಿಕೊಳ್ಳುತ್ತಿದ್ದೇನೆ. ಮೊನ್ನೆ ಮಧ್ಯಾಹ್ನ ಲಿಫ್ಟಿನಲ್ಲಿ ಸಹೋದ್ಯೋಗಿಯೊಬ್ಬರು ಏನು ಹಾಕಿದ್ದೀರಿ ಅಂತ ಕೇಳಿದರು, ಹೊಗಳಿದ್ದೋ ದೂರಿದ್ದೋ ಗೊತ್ತಾಗಲಿಲ್ಲ. ತಾಮ್ ದಾವ್ ಗಂಡಸರದ್ದು ಅಂತ ಯಜಮಾನರ ಅಭಿಪ್ರಾಯ. ಸೀಡರ್ ಉಬ್ಬಸಕ್ಕೆ ಕೆಟ್ಟದ್ದು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ, ನನಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು. ಯಾವುದನ್ನು ಕೊಳ್ಳಲಿ? 100 ಎಂಎಲ್ ತಗೊಂಡರೆ ಲಾಭ ಅಲ್ವಾ?

ಉತ್ತರ: ಯಾವುದನ್ನು ಕೊಳ್ಳಲಿ ಅನ್ನುವುದಕ್ಕಿಂತ ಮೊದಲು ಆ 'ಒಂದು ಗಂಟೆಯಲ್ಲಿ ಮಾಯ' ಅನ್ನುವ ಮಾತು ಬಗೆಹರಿಯಬೇಕು. ಇಲ್ಲದಿದ್ದರೆ ನೀವು ಯಾವ ಬಾಟಲಿ ತಂದರೂ ತಿಂಗಳು ಕಳೆಯುವಷ್ಟರಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೀರಿ.

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬೆಳಿಗ್ಗೆ ಹಾಕಿದ್ದು ಮಾಯವಾಗಿದ್ದರೆ ಮಧ್ಯಾಹ್ನ ಲಿಫ್ಟಿನಲ್ಲಿ ಅವರಿಗೆ ಹೇಗೆ ಗೊತ್ತಾಯಿತು? ವಾಸನೆ ಹೋಗಿಲ್ಲ. ನಿಮ್ಮ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ, ಅಷ್ಟೆ. ಯಾವ ವಾಸನೆಯಾದರೂ ಸ್ವಲ್ಪ ಹೊತ್ತಿಗೆ ಮೂಗಿಗೆ ಒಗ್ಗಿಹೋಗುತ್ತದೆ, ಆದರೆ ಮರದ ವಾಸನೆಯ ಸೆಂಟುಗಳಲ್ಲಿ ಇದು ಜಾಸ್ತಿ. ಅದಕ್ಕೆ ಒಂದು ಕಾರಣ ಐಸೋ ಇ ಸೂಪರ್ ಅನ್ನುವ ವಸ್ತು. 1970ರ ದಶಕದಲ್ಲಿ ಅಮೆರಿಕದ ಐಎಫ್‌ಎಫ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ನಯವಾದ, ಸೀಡರ್‌ಗೆ ಹತ್ತಿರದ ವಾಸನೆ. ಕೆಲವರಿಗೆ ಅದು ಮೊದಲಿನಿಂದಲೇ ತಿಳಿಯುವುದಿಲ್ಲ, ಇನ್ನು ಕೆಲವರಿಗೆ ಬಂದು ಹೋಗಿ ಮಾಡುತ್ತದೆ. ಇಂದಿನ ಮರದ ಸೆಂಟುಗಳಲ್ಲಿ ಇದಿಲ್ಲದ್ದು ಹುಡುಕಿದರೂ ಸಿಗುವುದು ಕಷ್ಟ. ಫೆಮಿನಿತೆಯ ಮೂಲ ಸೂತ್ರದಲ್ಲಂತೂ ಶೇಕಡಾ 40ಕ್ಕಿಂತ ಜಾಸ್ತಿ ಇದೇ ಇತ್ತು ಅನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ಅದರ ಜೊತೆಗೆ ಅದರಲ್ಲಿ ವಯಲೆಟ್ ಹೂವಿನ ವಾಸನೆ ಕೊಡುವ ಅಯೊನೋನ್‌ಗಳೂ ಇವೆ, ಅವೂ ಮೂಗನ್ನು ಬೇಗ ಸುಸ್ತು ಮಾಡುವುದಕ್ಕೆ ಹೆಸರಾದವು. ಹಾಗಾಗಿ ನಿಮಗೆ ಬರುತ್ತಿಲ್ಲ ಅಂತ ಆರೇಳು ಸಲ ಹೊಡೆದುಕೊಂಡರೆ ಅದರ ಪೂರ್ತಿ ಫಲ ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತವರಿಗೆ. ಪರೀಕ್ಷೆ ಸುಲಭ: ಬೆಳಿಗ್ಗೆ ಮಫ್ಲರಿನ ತುದಿಗೆ ಒಂದು ಸಲ ಸ್ಪ್ರೇ ಮಾಡಿ, ಮನೆಯಲ್ಲೇ ಬಿಟ್ಟು ಹೋಗಿ, ಸಂಜೆ ಬಂದು ಮೂಸಿ ನೋಡಿ.

ಇನ್ನು ಚಳಿಯ ಪಾಲು. ಅದೂ ಇದೆ, ಸುಳ್ಳಲ್ಲ. ವಾಸನೆ ಅಂದರೆ ಚರ್ಮದಿಂದ ಎದ್ದು ಬರುವ ಆವಿ, ಚರ್ಮ ತಣ್ಣಗಾದಷ್ಟೂ ಅದು ಕಡಿಮೆ. ಅಂದಾಜಿಗೆ 10 ಡಿಗ್ರಿ ಇಳಿದರೆ ಅರ್ಧ, ಭಾರವಾದ ವಸ್ತುಗಳಲ್ಲಿ ಅರ್ಧಕ್ಕೂ ಕಡಿಮೆ ಅಂದುಕೊಳ್ಳಿ. ಮೈನಸ್ 20ರಲ್ಲಿ ಬಸ್ಸಿಗೆ ಕಾಯುವಾಗ ಮೂಗೇ ಮರಗಟ್ಟಿರುತ್ತದೆ, ಆಗ ಯಾವ ಸೆಂಟೂ ಕೆಲಸ ಮಾಡುವುದಿಲ್ಲ. ಕ್ಯಾಲ್ಗರಿಯ ಗಾಳಿ ಒಣಗಾಳಿ, ಮನೆಯೊಳಗೆ ಹೀಟರು ಅದನ್ನು ಇನ್ನಷ್ಟು ಒಣಗಿಸುತ್ತದೆ. ಒಣ ಚರ್ಮದಲ್ಲಿ ಸೆಂಟು ನಿಲ್ಲುವುದಿಲ್ಲ. ನಿಂಬೆಯಂಥ ಹಗುರ ವಾಸನೆ ನೀವು ಬೂಟು ಹಾಕಿಕೊಳ್ಳುವಷ್ಟರಲ್ಲಿ ಬೆಚ್ಚಗಿನ ಮನೆಯೊಳಗೇ ಹಾರಿಹೋಗಿರುತ್ತದೆ. ಸೀಡರ್, ಶ್ರೀಗಂಧ, ಅಂಬರ್ ಇವು ನಿಧಾನಿಗಳು. ಬೀದಿಯಲ್ಲಿ ಕೋಟಿನ ಒಳಗೆ ಮುದುಡಿ ಕೂತಿರುತ್ತವೆ, ಆಫೀಸಿನಲ್ಲಿ ಕೋಟು ತೆಗೆದು ನೇತುಹಾಕಿದ ಕೂಡಲೇ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಅಂದರೆ ಚಳಿಗಾಲದ ಸೆಂಟನ್ನು ನಾವು ಆರಿಸುವುದು ನಿಜಕ್ಕೂ ಹೊರಗಿನ ಚಳಿಗಲ್ಲ, ಒಳಗಿನ 22 ಡಿಗ್ರಿಗೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಎರಡರಲ್ಲಿ ಯಾವುದು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಗೆಳತಿ ಹೇಳಿದ 'ಮೈ ಬೆಚ್ಚಗಿಡುತ್ತೆ' ಅನ್ನುವುದು ಸುಮ್ನೆ ಮಾತು. ಸೆಂಟಿನಿಂದ ಮೈ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ನಾವು ಬೆಚ್ಚಗಿದೆ ಅನ್ನುವುದು ಅಡುಗೆಮನೆಯ ನೆನಪಿನಿಂದ: ಚಕ್ಕೆ, ಲವಂಗ, ಏಲಕ್ಕಿ, ವೆನಿಲಾ, ಜೇನುಮೇಣ. ಸೀಡರ್ ತಾನೊಂದೇ ಇದ್ದಾಗ ಬೆಚ್ಚಗಿರುವುದೇ ಇಲ್ಲ. ಒಣ ಒಣ, ಸ್ವಲ್ಪ ಚುರುಕು, ತಂಪು ಅಂತಲೇ ಹೇಳಬಹುದು. ಅದನ್ನು ಬೆಚ್ಚಗೆ ಮಾಡುವುದು ಅದರ ಜೊತೆಗಾರರು, ಮತ್ತು ನಿಮ್ಮ ಎರಡು ಸ್ಯಾಂಪಲ್ಲಿಗೂ ಇರುವ ವ್ಯತ್ಯಾಸ ಇರುವುದೇ ಆ ಜೊತೆಗಾರರಲ್ಲಿ.

ಅದಕ್ಕೂ ಮುಂಚೆ ಸೀಡರ್ ಅಂದರೆ ಒಂದೇ ಮರ ಅಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ಮೊರಾಕೊದ ಅಟ್ಲಾಸ್ ಬೆಟ್ಟಗಳ ಸೀಡರ್ ಇದೆ, ನಮ್ಮ ಹಿಮಾಲಯದ ದೇವದಾರು ಅದರ ಹತ್ತಿರದ ನೆಂಟ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ದೇವದಾರು ಚಕ್ಕೆ ಮೂಸಿದ್ದರೆ ಆ ಕುಟುಂಬದ ವಾಸನೆ ಗೊತ್ತಿರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆಣ್ಣೆ, ತುಸು ಕಟು. ಅಮೆರಿಕದ ವರ್ಜೀನಿಯಾ ಸೀಡರ್, ಟೆಕ್ಸಾಸ್ ಸೀಡರ್ ಅನ್ನುವವು ಸಸ್ಯಶಾಸ್ತ್ರದ ಪ್ರಕಾರ ಜೂನಿಪರ್‌ಗಳು. ಪೆನ್ಸಿಲ್ ವಾಸನೆ ಅಂತ ಜನ ಹೇಳುವುದು ಈ ವರ್ಜೀನಿಯಾ ಸೀಡರಿಗೆ, ಹಿಂದೆ ಪೆನ್ಸಿಲ್ ಮಾಡುತ್ತಿದ್ದುದೇ ಅದರಿಂದ. ಆಮೇಲೆ ಕ್ಯಾಲಿಫೋರ್ನಿಯಾ ಕಡೆಯ ಇನ್ಸೆನ್ಸ್ ಸೀಡರ್ ಬಂತು. ನಿಮ್ಮ ಮಗಳ ಪೆನ್ಸಿಲ್ ಅದರದ್ದೇ ಇರಬೇಕು. ನೀವು ಶಿವಮೊಗ್ಗದಲ್ಲಿ ಬ್ಲೇಡಿನಿಂದ ಕೆತ್ತಿದ ಪೆನ್ಸಿಲ್ ಬಹುಶಃ ಪಾಪ್ಲರ್‌ನಂಥ ಬೇರೆ ಮರದ್ದು, ಅದಕ್ಕೆ ಈ ವಾಸನೆ ಇಲ್ಲ.

ಈಗ ಫೆಮಿನಿತೆ. ಇದು 1992ರಲ್ಲಿ ಜಪಾನಿನ ಶಿಸೇಡೊ ಹೆಸರಲ್ಲಿ ಬಂತು. ಕಲ್ಪನೆ ಸೆರ್ಜ್ ಲೂತಾನ್ಸ್ ಅವರದ್ದು, ಮರ್ರಾಕೇಶ್‌ನಲ್ಲಿ ಅವರಿಗೆ ಹತ್ತಿದ ಸೀಡರ್ ಹುಚ್ಚಿನಿಂದ ಹುಟ್ಟಿದ್ದು. ಸೂತ್ರ ಪಿಯೆರ್ ಬುರ್ದೋಂ ಮತ್ತು ಕ್ರಿಸ್ಟೊಫರ್ ಶೆಲ್ಡ್ರೇಕ್ ಅವರದ್ದು. 2009ರಿಂದ ಲೂತಾನ್ಸ್ ಹೆಸರಲ್ಲೇ ಮಾರಾಟ. ಅದುವರೆಗೆ ಒಣ ಮರದ ವಾಸನೆ ಅಂದರೆ ಗಂಡಸರ ಶೇವಿಂಗ್ ಲೋಷನ್ನಿನ ಕಡೆಗೆ ಹೋಗುತ್ತಿತ್ತು. ಇವರು ಅಟ್ಲಾಸ್ ಸೀಡರಿಗೆ ಪ್ಲಮ್ ಹಣ್ಣು, ಮಸಾಲೆ, ವಯಲೆಟ್, ಜೇನುಮೇಣ ಸೇರಿಸಿ ಹೆಂಗಸರಿಗೆ ಅಂತಲೇ ಮಾರಿದರು. ನಿಮಗೆ ಬಂದ ಗೊಜ್ಜಿನ ವಾಸನೆ ತಪ್ಪು ಗ್ರಹಿಕೆ ಅಲ್ಲ, ಅಲ್ಲಿರುವುದೇ ಅದು. ಮೊದಲ ಹತ್ತು ನಿಮಿಷ ಹಣ್ಣಿನ ಸಿಪ್ಪೆಯ ಹುಳಿಸಿಹಿ, ಚಕ್ಕೆ, ಲವಂಗ ಮುಂದೆ ನಿಂತಿರುತ್ತವೆ. ಅರ್ಧ ಗಂಟೆಗೆ ಹಣ್ಣು ಹಿಂದೆ ಸರಿದು ಪೌಡರಿನ ನಯ ಬರುತ್ತದೆ, ಅದರ ಕೆಳಗೆ ಮರ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮಾರನೆ ದಿನ ಸ್ವೆಟರಿನಲ್ಲಿ ಉಳಿಯುವುದು ಮರ ಮತ್ತು ತುಸು ಸಿಹಿ ಮಾತ್ರ, ಮತ್ತು ನನ್ನ ಪ್ರಕಾರ ಇದರ ಅತಿ ಚೆಂದದ ಭಾಗ ಅದೇ. ಸ್ಯಾಂಪಲ್ಲನ್ನು ಮೊದಲ ಹತ್ತು ನಿಮಿಷಕ್ಕೆ ತೀರ್ಮಾನ ಮಾಡುವವರು ಇದನ್ನು ಕಳೆದುಕೊಳ್ಳುತ್ತಾರೆ.

ತಾಮ್ ದಾವ್ ಬೇರೆಯದೇ ಜಾತಿ. ದಿಪ್ತೀಕ್ ಪ್ಯಾರಿಸ್ಸಿನ ಸೇನ್ ಜರ್ಮೇನ್ ಬೀದಿಯಲ್ಲಿ 1961ರಲ್ಲಿ ಮೂವರು ಗೆಳೆಯರು ತೆರೆದ ಅಂಗಡಿ. ಅವರಲ್ಲಿ ಒಬ್ಬರಾದ ಈವ್ ಕೂಎಲಾನ್ ಬಾಲ್ಯ ಕಳೆದದ್ದು ಇಂಡೋಚೈನಾದಲ್ಲಿ, ತಾಮ್ ದಾವ್ ಅಲ್ಲಿನ, ಇಂದಿನ ವಿಯೆಟ್ನಾಂನ, ಬೆಟ್ಟ. ಸೆಂಟು ಬಂದದ್ದು 2003ರಲ್ಲಿ. ಹೆಸರಿಗೆ ಶ್ರೀಗಂಧದ ಸೆಂಟು, ಆದರೆ ಇಡಿಟಿಯಲ್ಲಿ ಸೈಪ್ರೆಸ್ ಮತ್ತು ಸೀಡರ್ ಎಷ್ಟು ಮುಂದಿವೆ ಅಂದರೆ ನಮ್ಮ ಕಡೆಯವರ ಮೂಗಿಗೆ ಅದು ಮೊದಲು ಹೊಸದಾಗಿ ಕೊಯ್ದ ಹಲಗೆ. ಗಂಧ ಬರುವುದು ಆಮೇಲೆ, ಅದೂ ಹಾಲಿನ ಕೆನೆಯ ಹಾಗೆ ತೆಳ್ಳಗೆ.

ಇಲ್ಲಿ ನಮಗೊಂದು ತೊಂದರೆ ಇದೆ. ಕನ್ನಡದವರಿಗೆ ಗಂಧದ ಅಳತೆಗೋಲು ಮೈಸೂರಿನದ್ದು. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ಬೀರುವಿನಲ್ಲಿ ಸೀರೆ ನಡುವೆ ಇಟ್ಟ ಸೋಪು. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ, ನಾಲ್ಕು ತಲೆಮಾರಿನ ಮೂಗು ಅದಕ್ಕೆ ಹೊಂದಿಕೊಂಡಿದೆ. ಸೋಪಿನಲ್ಲಿರುವುದೂ ಬರೀ ಗಂಧವಲ್ಲ, ಬೇರೆ ವಾಸನೆಗಳೂ ಸೇರಿವೆ, ಆದರೆ ನಮಗೆ ಆ ಇಡೀ ಮಿಶ್ರಣವೇ ಗಂಧ. ನಿಜವಾದ ಗಂಧದೆಣ್ಣೆ ಈಗ ಎಷ್ಟು ದುಬಾರಿ ಅಂದರೆ ದೊಡ್ಡ ಮಟ್ಟದಲ್ಲಿ ತಯಾರಾಗುವ ಸೆಂಟುಗಳಲ್ಲಿ ಗಂಧದ ಅನಿಸಿಕೆ ಕೊಡುವುದು ಹೆಚ್ಚಾಗಿ ಜವನಾಲ್, ಪಾಲಿಸಾಂಟಾಲ್‌ನಂಥ ಕೃತಕ ವಸ್ತುಗಳು, ಪಕ್ಕದಲ್ಲಿ ಸೀಡರ್. ಅದರಲ್ಲಿ ಮೋಸ ಏನಿಲ್ಲ. ಗಂಧ ಅಂತ ಎದುರು ನೋಡಿದ್ದರಿಂದ ನಿಮಗೆ ತಾಮ್ ದಾವ್ ನಿರಾಸೆ ಮಾಡಿದೆ. ಒಳ್ಳೆಯ ಸೀಡರ್ ಅಂತ ಇನ್ನೊಮ್ಮೆ ಹಾಕಿ ನೋಡಿ.

ಗಂಡಸರದ್ದೋ ಹೆಂಗಸರದ್ದೋ ಅನ್ನುವುದಕ್ಕೆ ಜಾಸ್ತಿ ಮಾತು ಬೇಡ. ಅದು ಅಂಗಡಿಯ ಕಪಾಟಿನ ವಿಂಗಡಣೆ. ತಾಮ್ ದಾವನ್ನು ದಿಪ್ತೀಕ್ ಇಬ್ಬರಿಗೂ ಮಾರುತ್ತದೆ. ಫೆಮಿನಿತೆಯ ಹೆಸರಲ್ಲೇ ಹೆಣ್ತನ ಇದ್ದರೂ ಅದನ್ನು ಹಾಕುವ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಯಜಮಾನರ ಮಣಿಕಟ್ಟಿಗೂ ಒಂದು ಸಲ ಹೊಡೆದು ನೋಡಿ, ಮಾತು ಬದಲಾದೀತು.

ಉಬ್ಬಸದ ವಿಷಯ ಹಾಗೆ ತಳ್ಳಿಹಾಕುವಂಥದ್ದಲ್ಲ, ಯಾಕೆಂದರೆ ಪಕ್ಕದ ಮನೆಯವರು ಕೇಳಿರುವುದರಲ್ಲಿ ಒಂದು ನಿಜ ಇದೆ. ನಿಮ್ಮ ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಮರ ಕೊಯ್ಯುವ ಮಿಲ್ಲುಗಳಲ್ಲಿ ವೆಸ್ಟರ್ನ್ ರೆಡ್ ಸೀಡರ್ ಪುಡಿಯಿಂದ ಕೆಲಸಗಾರರಿಗೆ ಆಸ್ತಮಾ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಕಾರಣ ಆ ಮರದ ಪ್ಲಿಕಾಟಿಕ್ ಆಮ್ಲ. ಆದರೆ ಆ ಮರವೇ ಬೇರೆ, ಆ ಆಮ್ಲ ಆವಿಯಾಗುವಂಥದ್ದೂ ಅಲ್ಲ, ಭಟ್ಟಿ ಇಳಿಸಿದ ಸೀಡರ್ ಎಣ್ಣೆಯಲ್ಲಿ ಅದು ಬರುವುದಿಲ್ಲ. ಟೆಕ್ಸಾಸ್‌ನ 'ಸೀಡರ್ ಫೀವರ್' ಕೂಡ ಮರದ ಪರಾಗದ ಅಲರ್ಜಿ, ಎಣ್ಣೆಯದ್ದಲ್ಲ. ಹಾಗಂತ ನಿಮಗೆ ಪೂರ್ತಿ ನಿರಾತಂಕ ಅಂತಲೂ ಹೇಳಲಾರೆ. ಆಸ್ತಮಾ ಇರುವವರಿಗೆ ಯಾವ ಗಾಢ ವಾಸನೆಯಾದರೂ ಕೆಣಕಬಹುದು, ಒಣ ಚಳಿಗಾಳಿಯೂ ಕೆಣಕುತ್ತದೆ, ಎರಡೂ ಸೇರಿದಾಗ ಇನ್ನೂ ಕಷ್ಟ. ಈಗಲೂ ಇನ್ಹೇಲರ್ ಬಳಸುವ ಪರಿಸ್ಥಿತಿ ಇದ್ದರೆ ಕತ್ತಿನ ಹತ್ತಿರ ಹಾಕುವುದು ಬೇಡ, ಡಾಕ್ಟರನ್ನು ಒಂದು ಮಾತು ಕೇಳಿ. ಚರ್ಮದ ಮಟ್ಟಿಗೆ ತಾಮ್ ದಾವ್‌ಗಿಂತ ಫೆಮಿನಿತೆ ಕಡೆ ನನಗೆ ಸ್ವಲ್ಪ ಎಚ್ಚರಿಕೆ ಜಾಸ್ತಿ, ಲವಂಗ ಚಕ್ಕೆಯ ವಾಸನೆ ಕೊಡುವ ವಸ್ತುಗಳು ಕೆಲವರಿಗೆ ತುರಿಕೆ ತರುತ್ತವೆ. ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಆ ಲಿಫ್ಟಿನ ಪ್ರಶ್ನೆಯನ್ನೂ ಹಗುರವಾಗಿ ತಗೋಬೇಡಿ. ಕೆನಡಾದ ಎಷ್ಟೋ ಆಫೀಸು, ಆಸ್ಪತ್ರೆಗಳಲ್ಲಿ ಸೆಂಟು ಹಾಕಿ ಬರಬಾರದು ಅನ್ನುವ ನಿಯಮ ಇದೆ. ನಿಮ್ಮಲ್ಲಿ ಇದೆಯಾ ಎಂದು ಎಚ್‌ಆರ್‌ನವರನ್ನು ಕೇಳಿ. ಇದ್ದರೆ ಈ ಚರ್ಚೆ ವಾರಾಂತ್ಯಕ್ಕೆ ಮಾತ್ರ.

ಸರಿ, ಈಗ ಕೊಳ್ಳುವ ಮಾತು. ಚಳಿಗೆ ಒಂದೇ ಅಂದರೆ ನನ್ನ ಮತ ಫೆಮಿನಿತೆಗೆ. ಬೆಚ್ಚಗಿನ ಕೋಣೆಯಲ್ಲಿ ಅರಳುವ ಜೊತೆಗಾರರು ಅದರಲ್ಲಿದ್ದಾರೆ, ಉಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಕೂರುತ್ತದೆ, ಸಂಜೆ ಯಾರದೋ ಮನೆಗೆ ಊಟಕ್ಕೆ ಹೋಗುವಾಗ ಇದಕ್ಕಿಂತ ಒಳ್ಳೆಯದು ಕಷ್ಟ. ಅಪಾಯ ಏನೆಂದರೆ ಜಾಸ್ತಿಯಾದರೆ ಉಸಿರು ಕಟ್ಟಿಸುತ್ತದೆ. ಅದರಲ್ಲೂ ನಿಮ್ಮೂರಲ್ಲಿ ಚಿನೂಕ್ ಅನ್ನುವ ಬಿಸಿಗಾಳಿ ಬೀಸಿದ ದಿನ ಕೆಲವೇ ಗಂಟೆಯಲ್ಲಿ 20 ಡಿಗ್ರಿ ಏರಿಬಿಡುತ್ತದೆ, ಬೆಳಿಗ್ಗೆ ಮೈನಸ್ 15ಕ್ಕೆ ಅಂತ ಹಾಕಿದ್ದು ಮಧ್ಯಾಹ್ನ ಪ್ಲಸ್ 5ರಲ್ಲಿ, ದಪ್ಪ ಕೋಟಿನೊಳಗೆ ಬೆವರಿನ ಜೊತೆ ಏಳುವ ಪ್ಲಮ್ಮು ಲವಂಗ ನಿಮಗೇ ಬೇಡವಾಗುತ್ತದೆ.

ತಾಮ್ ದಾವ್ ಇಡಿಟಿ ಮೈನಸ್ 20ರಲ್ಲಿ ತೆಳು ಅನ್ನಿಸುತ್ತದೆ. ಆದರೆ ಹತ್ತಿರ ಬಂದವರಿಗೆ ಮಾತ್ರ ಗೊತ್ತಾಗುವಂಥದ್ದು ಬೇಕಾದರೆ, ಆಫೀಸಿಗೆ ಅಡ್ಡಿ ಇಲ್ಲದಿದ್ದರೆ, ಅದೇ ಸರಿ. ಊರಿಗೆ ಬಂದಾಗ ಶಿವಮೊಗ್ಗದ ಡಿಸೆಂಬರಿಗಂತೂ ಅದು ಹೇಳಿ ಮಾಡಿಸಿದ್ದು. ಅಂಗಡಿಯವರು ಇಡಿಪಿ (ಓ ದ ಪರ್ಫ್ಯೂಮ್) ತಗೊಳ್ಳಿ, ಅದು ಇದೇ ವಾಸನೆ, ಜಾಸ್ತಿ ಗಟ್ಟಿ ಅಂತ ಹೇಳಬಹುದು. ನಂಬಿ ಕಣ್ಣುಮುಚ್ಚಿ ಕೊಳ್ಳಬೇಡಿ. ಇಡಿಟಿ, ಇಡಿಪಿ ಅನ್ನುವುದಕ್ಕೆ ಕಾನೂನಿನ ಅಳತೆ ಇಲ್ಲ, ಕಂಪನಿಗೊಂದು ಲೆಕ್ಕ. ಎಷ್ಟೋ ಸಲ ಒಂದೇ ಹೆಸರಿನ ಕೆಳಗೆ ಸೂತ್ರವೇ ಬೇರೆ ಇರುತ್ತದೆ. ತಾಮ್ ದಾವ್ ಇಡಿಪಿಯೂ ಹಾಗೆಯೇ, ಕೆನೆ ಜಾಸ್ತಿ, ಚುರುಕು ಕಡಿಮೆ. ಅದರ ಸ್ಯಾಂಪಲ್ ಬೇರೆಯೇ ತರಿಸಿ.

ಮೂರನೆಯ ದಾರಿಯೂ ಇದೆ. ಊರಿಂದ ಬರುವವರ ಕೈಲಿ ಸರ್ಕಾರಿ ಕಾರ್ಖಾನೆಯ ಗಂಧದೆಣ್ಣೆಯ ಚಿಕ್ಕ ಸೀಸೆ ತರಿಸಿ, ಬಾದಾಮಿ ಎಣ್ಣೆಯಲ್ಲಿ ಚೆನ್ನಾಗಿ ತೆಳುಮಾಡಿ ಮಣಿಕಟ್ಟಿಗೆ ಒಂದು ತೊಟ್ಟು ಹಚ್ಚಿ, ಮೇಲೆ ತಾಮ್ ದಾವ್ ಒಂದು ಸಲ. ನಿಮಗೆ ಬೇಕಿದ್ದ ಗಂಧ ಆಗ ಸಿಗುತ್ತದೆ. ಖರ್ಚು ಜಾಸ್ತಿ, ಮತ್ತು ಬೀದಿಬದಿಯಲ್ಲಿ ಮಾರುವ ಅಗ್ಗದ 'ಪ್ಯೂರ್ ಸ್ಯಾಂಡಲ್' ಎಣ್ಣೆಗಳಲ್ಲಿ ಕಲಬೆರಕೆಯೇ ಹೆಚ್ಚು, ಎಲ್ಲಿಂದ ತರಿಸುತ್ತೀರಿ ಅನ್ನುವುದು ಮುಖ್ಯ. ಹಳೆಯ ಶಿಸೇಡೊ ಕಾಲದ ಫೆಮಿನಿತೆ ಬಾಟಲಿಗಳು ಹರಾಜಿನಲ್ಲಿ ಸಿಗುತ್ತವೆ, ಅದರ ಗೋಜಿಗೆ ಹೋಗಬೇಡಿ. ಹೇಗೆ ಇಟ್ಟಿದ್ದರೋ ಗೊತ್ತಿಲ್ಲದ ಮೂವತ್ತು ವರ್ಷದ ಸೆಂಟಿಗೆ ಹೊಸದರ ದುಪ್ಪಟ್ಟು ಕೊಡುವುದು ಸಂಗ್ರಹಕಾರರ ಚಟ.

ಹಾಕುವ ಕ್ರಮ ಹೀಗೆ. ಸ್ನಾನವಾದ ಮೇಲೆ ವಾಸನೆ ಇಲ್ಲದ ದಪ್ಪ ಕ್ರೀಮ್ ಹಚ್ಚಿ, ಐದು ನಿಮಿಷ ಬಿಟ್ಟು ಎದೆಯ ಮೇಲೊಂದು, ಬೇಕಿದ್ದರೆ ಮೊಣಕೈ ಒಳಗೊಂದು ಸ್ಪ್ರೇ, ಅದರ ಮೇಲೆ ಬಟ್ಟೆ. ಎರಡಕ್ಕಿಂತ ಜಾಸ್ತಿ ಬೇಡ. ಮಣಿಕಟ್ಟು ಉಜ್ಜಿದರೆ ಸೆಂಟು 'ಒಡೆಯುತ್ತದೆ' ಅನ್ನುವುದು ಸುಳ್ಳು, ಮೇಲಿನ ಹಗುರ ವಾಸನೆ ಸ್ವಲ್ಪ ಬೇಗ ಹೋಗುತ್ತದೆ ಅಷ್ಟೆ. ಉಣ್ಣೆ ಮಫ್ಲರಿಗೆ ಒಂದು ಮೊಳ ದೂರದಿಂದ ಹೊಡೆಯಬಹುದು. ರೇಷ್ಮೆ ಸೀರೆ, ತಿಳಿಬಣ್ಣದ ಪಶ್ಮಿನಾ ಬೇಡ, ಕಲೆ ಉಳಿಯುತ್ತದೆ. ಹೀಟರಿನ ಎದುರು ನಿಂತು ಖಂಡಿತ ಬೇಡ, ಅದರಲ್ಲಿರುವುದು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಆಲ್ಕೊಹಾಲ್. ಕಾರಿನಲ್ಲಿ ಬಿಟ್ಟರೆ ಅದು ಹೆಪ್ಪುಗಟ್ಟುವುದಿಲ್ಲ, ಆದರೆ ಮೋಡ ಕವಿದ ಹಾಗೆ ಆಗಬಹುದು, ಒಳಗೆ ತಂದಿಟ್ಟರೆ ತಿಳಿಯಾಗುತ್ತದೆ. ಬಾತ್‌ರೂಮಿನ ಬಿಸಿ, ಕಿಟಕಿಯ ಬಿಸಿಲು ಅದಕ್ಕಿಂತ ಕೆಟ್ಟದ್ದು. ಬಟ್ಟೆ ಕಪಾಟು ಸಾಕು.

100 ಎಂಎಲ್ ಲಾಭ ಅಲ್ಲ. ಎರಡು ಸ್ಪ್ರೇ ಅಂದರೆ ಹೆಚ್ಚುಕಡಿಮೆ 0.2 ಎಂಎಲ್, ವಾರಕ್ಕೆ ನಾಲ್ಕು ದಿನ ಹಾಕಿದರೂ ಅಲ್ಲಿನ ಆರು ತಿಂಗಳ ಚಳಿಗಾಲಕ್ಕೆ 20 ಎಂಎಲ್ ಸುತ್ತಮುತ್ತ ಖರ್ಚು. 50ರ ಬಾಟಲಿಯೇ ಎರಡು ಮೂರು ಚಳಿಗಾಲ ಬರುತ್ತದೆ. ಅದನ್ನೂ ಈಗಲೇ ತರಿಸಬೇಡಿ. ಫೆಮಿನಿತೆಯ ಇನ್ನೊಂದು 5 ಎಂಎಲ್ ಸ್ಯಾಂಪಲ್ ತಗೊಂಡು ಎರಡೇ ಸ್ಪ್ರೇಯಲ್ಲಿ ಎರಡು ವಾರ ಓಡಾಡಿ, ಅದರಲ್ಲಿ ಒಂದು ಚಿನೂಕ್ ದಿನವೂ ಸೇರಲಿ. ಲಿಫ್ಟಿನಲ್ಲಿ ಕೇಳಿದ ಆ ಸಹೋದ್ಯೋಗಿಯನ್ನು ನೇರವಾಗಿ ಕೇಳಿಬಿಡಿ, ಜಾಸ್ತಿ ಆಗಿತ್ತಾ ಅಂತ. ಅವರು ಹೌದು ಅಂದರೆ ಒಂದೇ ಸ್ಪ್ರೇಗೆ ಇಳಿಸಿ, ಆಗಲೂ ತೊಂದರೆ ಅಂದರೆ ಆಫೀಸಿಗೆ ಯಾವುದೂ ಬೇಡ.